ದಡದಲ್ಲಿದ್ದವರು ನೀರಿಗೆ ಹಾರುವ ಮೊದಲು

ನಮ್ಮಪ್ಪ ಸೂಳೆಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಚನ್ನಗಿರಿ ತಾಲೂಕಿನವರ ಬಾಯಲ್ಲಿ ಇವತ್ತಿಗೂ ಸೂಳೆಕೆರೆಯೇ. ನಾನು ಬೆಳೆದದ್ದು ಅದರ ದಡದಲ್ಲಿ. ಈಗ ದಾವಣಗೆರೆಯಲ್ಲಿ ನರ್ಸ್ ಆಗಿದ್ದೇನೆ. ನೀರಿಗೆ ಬಿದ್ದವರನ್ನು ದಡದಲ್ಲಿ ನಿಂತೂ ನೋಡಿದ್ದೇನೆ, ಆಸ್ಪತ್ರೆಯ ಮಂಚದ ಪಕ್ಕ ನಿಂತೂ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗಾಗ ಹದಿನಾರು ವರ್ಷ. ಕಾರ್ತಿಕದ ಒಂದು ಭಾನುವಾರ ಮನೆಗೆ ನೆಂಟರು ಬಂದಿದ್ದರು. ಮಂಡಕ್ಕಿ, ಮಿರ್ಚಿ ಕಟ್ಟಿಕೊಂಡು ಎಲ್ಲರೂ ಕೆರೆಗೆ ಹೋದೆವು. ಅಪ್ಪನ ಹರಿಗೋಲು ಮೂರು ಜನಕ್ಕೆ ಸರಿ, ನಾಲ್ಕಾದರೆ ಜಾಸ್ತಿ. ಅವತ್ತು ಏಳು ಜನ ಕೂತೆವು. ಬೇಡ ಅಂತ ಅಪ್ಪ ಎರಡು ಸಲ ಹೇಳಿದರು, ಮೂರನೇ ಸಲ ನೆಂಟರ ಮುಂದೆ ಹೇಳಲಾಗಲಿಲ್ಲ. ಮಧ್ಯಾಹ್ನದ ಗಾಳಿ ಎದ್ದಿತ್ತು. ಚಿಕ್ಕಮ್ಮನ ಸೆರಗು ಹಾರಿತು. ಹಿಡಿಯಲು ಎದ್ದು ನಿಂತರು. ಅಷ್ಟೇ, ಹರಿಗೋಲು ಮಗುಚಿತು. ದಡ ಹತ್ತು ಮಾರು ದೂರ ಇತ್ತೇನೋ.

ಅಪ್ಪ ಕೂಗಿದ್ದು ಒಂದೇ ಮಾತು: "ಹರಿಗೋಲು ಬಿಡಬೇಡಿ!" ಆರು ಜನ ಅದನ್ನು ಹಿಡಿದುಕೊಂಡೆವು. ನನ್ನ ತಂಗಿ ಮಾತ್ರ ಕೈ ಜಾರಿ ದೂರ ಆದಳು. ದಡದಲ್ಲಿ ದೊಡ್ಡಪ್ಪನ ಮಗ ಇದ್ದ. ಇಪ್ಪತ್ತೆರಡರ ಹುಡುಗ, ನಮ್ಮೂರಿಗೇ ಒಳ್ಳೆ ಈಜುಗಾರ. ಪ್ಯಾಂಟು ಷರ್ಟಿನಲ್ಲೇ ಹಾರಿದ. ತಂಗಿಯ ಹತ್ತಿರ ಬಂದ. ಅವಳು ಅವನ ಕುತ್ತಿಗೆ ತಬ್ಬಿಕೊಂಡಳು. ಇಬ್ಬರೂ ಒಳಗೆ ಹೋದರು. ಅವಳು ಮೇಲೆ ಬಂದಳು, ಅಪ್ಪ ಜಡೆ ಹಿಡಿದು ಎಳೆದುಕೊಂಡರು. ಅಣ್ಣ ಬರಲಿಲ್ಲ.

ಹರಿಗೋಲಿನಲ್ಲಿದ್ದ ಏಳೂ ಜನ ಬದುಕಿದೆವು. ಸತ್ತವನು ಹರಿಗೋಲಿನಲ್ಲಿ ಇರಲೇ ಇಲ್ಲ.

ಅವತ್ತು ದಡದ ಗುಡಿಸಲಿಗೆ ಮೂರು ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲು, ಒರಗಿಸಿದ್ದರು. ಬಲೆ ಕಟ್ಟುವ ಹಗ್ಗದ ಉಂಡೆ ಇತ್ತು. ಖಾಲಿ ಎಣ್ಣೆ ಕ್ಯಾನು ಎರಡಿದ್ದವು. ಸುತ್ತ ಇಪ್ಪತ್ತು ಜನ ನಿಂತಿದ್ದರು. ಯಾರನ್ನೂ ದೂರುವುದಿಲ್ಲ ನಾನು. ಅದನ್ನೆಲ್ಲ ಹೇಗೆ ಬಳಸಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಣ್ಣನಿಗೂ ಹೇಳಿಕೊಟ್ಟಿರಲಿಲ್ಲ.

ಮುಳುಗುವವರು ಕೂಗುವುದಿಲ್ಲ

ದೋಣಿ ಮಗುಚಿದಾಗ ಎಲ್ಲರ ಕಣ್ಣೂ ಜೋರಾಗಿ ಕೂಗುವವರ ಕಡೆಗೇ ಹೋಗುತ್ತದೆ. ಕೂಗುತ್ತಿದ್ದಾರೆ ಅಂದರೆ ಉಸಿರಾಡುತ್ತಿದ್ದಾರೆ. ಅವರಿಗೆ ಇನ್ನೂ ಸ್ವಲ್ಪ ಹೊತ್ತು ಇದೆ. ನೀವು ಹುಡುಕಬೇಕಾದ್ದು ಸುಮ್ಮನಿರುವವರನ್ನು.

ನಿಜವಾಗಿ ಮುಳುಗುತ್ತಿರುವವರು ಕೈ ಬೀಸುವುದಿಲ್ಲ. ಬೀಸಲು ಆಗುವುದೇ ಇಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುತ್ತದೆ. ಕಾಣದ ಏಣಿ ಹತ್ತುತ್ತಿದ್ದಾರೇನೋ ಅನ್ನಿಸುತ್ತದೆ. ಕೂದಲು ಕಣ್ಣ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುವುದಿಲ್ಲ. ಹೀಗೆ ಇರುವುದು 20ರಿಂದ 60 ಸೆಕೆಂಡು. ಆಮೇಲೆ ಒಳಗೆ. ಮಕ್ಕಳು ಇನ್ನೂ ಬೇಗ. ದೂರದಿಂದ ನೋಡುವವರಿಗೆ ಆಟ ಆಡುತ್ತಿದ್ದಾರೆ ಅನ್ನಿಸಬಹುದು. "ಹುಷಾರಾಗಿದ್ದೀಯಾ?" ಅಂತ ಕೂಗಿ ಕೇಳಿ. ಉತ್ತರ ಬರಲಿಲ್ಲವೋ, ಮೊದಲು ಅವರ ಕಡೆ ಹೋಗಿ.

ಅದೇ ನಿಮಿಷದಲ್ಲಿ ದಡದಲ್ಲಿ ಮೂರು ಕೆಲಸ ಹಂಚಬೇಕು. "ಯಾರಾದರೂ ಫೋನ್ ಮಾಡ್ರೋ" ಅಂದರೆ ಯಾರೂ ಮಾಡುವುದಿಲ್ಲ. ಬೆರಳು ತೋರಿಸಿ ಹೇಳಿ: ಕೆಂಪು ಅಂಗಿಯ ತಮ್ಮ, ನೀನು ಫೋನ್ ಮಾಡು. ಅಕ್ಕ, ನೀವು ಆ ಹುಡುಗನ ಮೇಲಿಂದ ಕಣ್ಣು ತೆಗೀಬೇಡಿ, ಬೆರಳು ಅತ್ತಲೇ ಇರಲಿ. ನೀವಿಬ್ಬರು ಹಗ್ಗ, ಕೋಲು, ಕ್ಯಾನು, ಏನು ಸಿಕ್ಕರೂ ತನ್ನಿ.

ಫೋನ್ 112ಕ್ಕೆ. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸು ಮೂರಕ್ಕೂ ಅದೊಂದೇ ಸಾಕು. ಆಂಬುಲೆನ್ಸಿಗೆ 108 ಕೂಡ ಇದೆ. ಎಲ್ಲಿದ್ದೀರಿ ಅಂತ ಹೇಳುವಾಗ ಬರೀ "ಸೂಳೆಕೆರೆ" ಅನ್ನಬೇಡಿ. ಅದರ ಸುತ್ತಳತೆ ಸುಮಾರು 30 ಕಿಲೋಮೀಟರು. ಏರಿಯ ಮೇಲೆ ಬಂದು ನಿಂತ ಗಾಡಿ ಹಿನ್ನೀರಿನ ಊರಿಗೆ ಸುತ್ತಿ ಬರಲು ಎಷ್ಟು ಹೊತ್ತು ಬೇಕು ಯೋಚಿಸಿ. ಹತ್ತಿರದ ಊರು, ಯಾವ ರಸ್ತೆಯಿಂದ ಒಳಗೆ ಬರಬೇಕು, ದಡದಲ್ಲಿ ಕಾಣುವ ಗುಡಿಯೋ ಪಂಪ್‌ಹೌಸೋ, ಎಷ್ಟು ಜನ ನೀರಿನಲ್ಲಿದ್ದಾರೆ, ಇಷ್ಟನ್ನು ಹೇಳಿ. ಒಬ್ಬರನ್ನು ಬೈಕಿನಲ್ಲಿ ಮುಖ್ಯ ರಸ್ತೆಯ ತಿರುವಿಗೆ ಕಳಿಸಿ.

ಬೆರಳು ತೋರಿಸಿ ನಿಲ್ಲುವವರ ಕೆಲಸ ಚಿಕ್ಕದು ಅನ್ನಿಸಬಹುದು. ಹಾಗಲ್ಲ. ಅಲೆಯ ನಡುವೆ ಒಂದು ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಒಂದು ಸಲ ಕಣ್ಣು ಕಿತ್ತರೆ ಮತ್ತೆ ಸಿಗುವುದು ಕಷ್ಟ. ಅಕಸ್ಮಾತ್ ಆ ತಲೆ ಕಾಣದಾದರೆ, ನಿಂತ ಜಾಗದಿಂದ ಕದಲಬೇಡಿ. ಮೀನುಗಾರರು ನೀರಿನಲ್ಲಿ ಬಿಟ್ಟ ಬಲೆಯನ್ನು ಮರುದಿನ ಹೇಗೆ ಹುಡುಕುತ್ತಾರೆ ಗೊತ್ತಾ? ಅಪ್ಪ ಎರಡು ಗುರುತು ಒಂದೇ ಗೆರೆಗೆ ತಂದುಕೊಳ್ಳುತ್ತಿದ್ದರು. ಎದುರು ದಡದ ಹುಣಸೆಮರ, ಅದರ ಹಿಂದೆ ಗುಡ್ಡದ ಕಣಿವೆ. ಅದು ಒಂದು ಗೆರೆ. ಪಕ್ಕಕ್ಕೆ ಕರೆಂಟ್ ಕಂಬ, ಅದರ ಹಿಂದೆ ಗುಡಿಯ ಕಳಸ. ಅದು ಇನ್ನೊಂದು. ಎರಡೂ ಗೆರೆ ಕೂಡುವ ಕಡೆ ಬಲೆ. ಇಲ್ಲೂ ಹಾಗೇ ಮಾಡಿ. ತಲೆ ಕಡೆಯದಾಗಿ ಕಂಡ ಜಾಗದ ಹಿಂದೆ ಎದುರು ದಡದಲ್ಲಿ ಏನಿದೆ, ಅದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಿ. ಇನ್ನೊಬ್ಬರು ಐವತ್ತು ಹೆಜ್ಜೆ ಆಚೆ ನಿಂತು ಅವರ ಗೆರೆ ಹಿಡಿಯಲಿ. ಮುಳುಗುಗಾರರು ಬಂದಾಗ ಈ ಎರಡು ಗೆರೆ ಕೊಟ್ಟರೆ ಅವರು ಹುಡುಕುವ ಜಾಗ ಒಂದು ಒಕ್ಕಣೆ ಕಣದಷ್ಟಾಗುತ್ತದೆ. ಇಲ್ಲದಿದ್ದರೆ ಇಡೀ ಕೆರೆ.

ಚಾಚುವುದು, ಎಸೆಯುವುದು

ಮೊದಲು ಚಾಚಿ. ಆಗದಿದ್ದರೆ ಎಸೆಯಿರಿ. ಅದೂ ಆಗದಿದ್ದರೆ ದೋಣಿ. ಈಜಿಕೊಂಡು ಹೋಗುವುದು ಇದಕ್ಕೆಲ್ಲ ಕಲಿತು ಬಂದವರ ಕೆಲಸ, ಅವರು ಕೂಡ ಕೈಯಲ್ಲಿ ತೇಲುವ ವಸ್ತು ಇಲ್ಲದೆ ಹೋಗುವುದಿಲ್ಲ. ಒಳ್ಳೆ ಈಜು ಬರುತ್ತದೆ ಅನ್ನುವುದಕ್ಕೂ, ಪ್ರಾಣಭಯದಲ್ಲಿ ತಬ್ಬಿಕೊಳ್ಳುವ ಒಬ್ಬರನ್ನು ಎಳೆದು ತರುವುದಕ್ಕೂ ಸಂಬಂಧವೇ ಇಲ್ಲ. ಮುಳುಗುವ ಮನುಷ್ಯನಿಗೆ ಉಸಿರು ಒಂದೇ ಬೇಕಿರುತ್ತದೆ. ಹತ್ತಿರ ಬಂದ ನಿಮ್ಮ ತಲೆ, ಹೆಗಲು ಅವನಿಗೆ ಮೆಟ್ಟಿಲು. ಅದು ಅವನ ತಪ್ಪಲ್ಲ.

ಚಾಚುವುದಕ್ಕೆ ನಮ್ಮ ಕಡೆ ದೋಟಿಗಿಂತ ಒಳ್ಳೆಯದು ಇಲ್ಲ. ಚನ್ನಗಿರಿ ಅಂದರೆ ಅಡಿಕೆ, ದೋಟಿ ಇಲ್ಲದ ಮನೆ ಕಡಿಮೆ. ತುದಿಯ ಕತ್ತಿ ಬಿಚ್ಚಿ, ಬಿಚ್ಚಲು ಹೊತ್ತಿಲ್ಲದಿದ್ದರೆ ಹಿಂದುಮುಂದು ಮಾಡಿ ಬುಡದ ಕಡೆ ಚಾಚಿ. ಮೇಲೆ ಕರೆಂಟ್ ತಂತಿ ಇದೆಯಾ ಅಂತ ಒಮ್ಮೆ ನೋಡಿ, ಅದರಲ್ಲೂ ಈಗ ಬಂದಿರುವ ಕಾರ್ಬನ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಕೆರೆಯಂಚಿನ ಪಂಪ್‌ಸೆಟ್ಟುಗಳ ವೈರು ನೀರಿನಲ್ಲಿ ಬಿದ್ದಿರುವುದನ್ನೂ ಕಂಡಿದ್ದೇನೆ. ದೋಟಿ ಇಲ್ಲದಿದ್ದರೆ ಬಿದಿರು, ಹುಟ್ಟು, ಏಣಿ, ಲುಂಗಿ, ಟವೆಲ್ಲು. ಚಾಚುವಾಗ ನಿಂತುಕೊಂಡಿರಬೇಡಿ. ಹೊಟ್ಟೆ ಮೇಲೆ ಮಲಗಿ, ಇನ್ನೊಬ್ಬರು ನಿಮ್ಮ ಕಾಲು ಹಿಡಿದುಕೊಳ್ಳಲಿ. ನೀರಿನಲ್ಲಿರುವವರು ಎಳೆದರೆ ನಿಂತವರು ಮುಗ್ಗರಿಸುತ್ತಾರೆ, ಮಲಗಿದವರು ಮುಗ್ಗರಿಸುವುದಿಲ್ಲ. ನಿಮ್ಮ ಕೈಯನ್ನೇ ಕೊಡಬೇಡಿ. ಕೋಲನ್ನಾದರೆ ಬಿಡಬಹುದು, ನಿಮ್ಮ ಕೈ ಅವರು ಹಿಡಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಎಸೆಯುವುದಕ್ಕೆ ಖಾಲಿ ಎಣ್ಣೆ ಕ್ಯಾನು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಪ್ರತಿ ಮನೆಯಲ್ಲೂ ಮಾಡಿಟ್ಟುಕೊಳ್ಳಬಹುದು. ನೀರಿನಲ್ಲಿರುವ ಒಬ್ಬ ಮನುಷ್ಯನ ತಲೆ ಮೇಲೆ ನಿಲ್ಲಲು ಪೂರ್ತಿ ಮೈಭಾರ ಎತ್ತಬೇಕಿಲ್ಲ. ಮೈಯನ್ನು ಬಹುಪಾಲು ನೀರೇ ಹೊರುತ್ತದೆ. ಇನ್ನು 4–5 ಕಿಲೋದಷ್ಟು ಆಸರೆ ಸಿಕ್ಕರೆ ಸಾಕು. ಮುಚ್ಚಳ ಬಿಗಿಯಾದ 5 ಲೀಟರಿನ ಖಾಲಿ ಕ್ಯಾನು ಹೆಚ್ಚುಕಡಿಮೆ ಅಷ್ಟನ್ನು ಎತ್ತಿ ಹಿಡಿಯುತ್ತದೆ. 20 ಲೀಟರಿನ ಕುಡಿಯುವ ನೀರಿನ ಕ್ಯಾನು ಇಬ್ಬರು ಮೂವರಿಗೆ ಆಗುತ್ತದೆ, ಆದರೆ ಬಾಯಿ ಭದ್ರವಾಗಿ ಮುಚ್ಚಿರಬೇಕು. ಪೂರಾ ಖಾಲಿ ಕ್ಯಾನು ಗಾಳಿಗೆ ಹಾರಿ ಎಲ್ಲೋ ಬೀಳುತ್ತದೆ. ಅದಕ್ಕೆ ಒಳಗೆ ಒಂದು ಲೋಟ ನೀರು ಹಾಕಿ ಮುಚ್ಚಿ. ತೂಕ ಬಂದು ನೆಟ್ಟಗೆ ಹೋಗುತ್ತದೆ. ಹಿಡಿಕೆಗೆ 20 ಮೀಟರ್ ಹಗ್ಗ ಕಟ್ಟಿ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಸಾಮಾನ್ಯವಾಗಿ ತೇಲುತ್ತದೆ. ನೈಲಾನು ಮುಳುಗುತ್ತದೆ. ಕೊಳ್ಳುವ ಮೊದಲು ಒಂದು ತುಂಡನ್ನು ಬಕೆಟ್ಟಿಗೆ ಹಾಕಿ ನೋಡಿ.

ಎಸೆಯುವಾಗ ಅವರ ಹೆಸರು ಕೂಗಿ. "ಮಂಜಾ, ಹಗ್ಗ ನೋಡು!" ಹೆಸರು ಕೇಳಿದರೆ ಮುಖ ತಿರುಗುತ್ತದೆ. ಅವರಿಗೇ ಗುರಿಯಿಡಬೇಡಿ, ಅವರ ತಲೆಯಾಚೆ ಬೀಳುವ ಹಾಗೆ ಎಸೆಯಿರಿ. ಹಗ್ಗ ಹೆಗಲ ಮೇಲೆ ಬೀಳುತ್ತದೆ. ಕೈಗೆ ಸಿಕ್ಕಿದ್ದನ್ನು ಅವರು ಬಿಡುವುದಿಲ್ಲ. ಈ ಕಡೆ ತುದಿಯನ್ನು ಕಾಲಿನಡಿ ಮೆಟ್ಟಿಕೊಳ್ಳಿ ಅಥವಾ ಮರಕ್ಕೆ ಸುತ್ತು ಹಾಕಿ. ನಿಮ್ಮ ಮಣಿಕಟ್ಟಿಗೆ, ಸೊಂಟಕ್ಕೆ ಮಾತ್ರ ಕಟ್ಟಿಕೊಳ್ಳಬೇಡಿ. ಮೊದಲ ಸಲ ತಪ್ಪಿದರೆ ಎಳೆದುಕೊಂಡು ಮತ್ತೆ ಎಸೆಯಿರಿ. ಸುರುಳಿ ಚಂದ ಮಾಡುತ್ತಾ ಕೂರಬೇಡಿ.

ಏನೂ ಇಲ್ಲದಿದ್ದರೆ ಸೀರೆ ಇದೆ. ಆರು ಗಜದ ಸೀರೆ ಅಂದರೆ ಐದೂವರೆ ಮೀಟರು. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ನಾಲ್ವರು ಹುಡುಗರು ಮುಳುಗುತ್ತಿದ್ದರು. ಬಟ್ಟೆ ಒಗೆಯಲು ಬಂದಿದ್ದ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದರು. ಇಬ್ಬರನ್ನು ಬದುಕಿಸಿದರು. ನಾಚಿಕೆ ಗೀಚಿಕೆ ಯೋಚಿಸಿಕೊಂಡು ನಿಂತಿದ್ದರೆ ಆ ಇಬ್ಬರೂ ಇರುತ್ತಿರಲಿಲ್ಲ.

ಕೈಕೈ ಹಿಡಿದು ಸಾಲಾಗಿ ನೀರಿಗಿಳಿಯುವುದನ್ನು ನೋಡಿದ್ದೇನೆ. ತೊಡೆಮಟ್ಟದ ತನಕ ಸರಿ, ಅದಕ್ಕಿಂತ ಮುಂದೆ ಬೇಡ. ನಮ್ಮ ಕೆರೆಗಳಲ್ಲಿ ಹೂಳು ತುಂಬಿರುತ್ತದೆ, ಮಣ್ಣು ತೆಗೆದ ಗುಂಡಿ ಇರುತ್ತದೆ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳೆತ್ತರ.

ದೋಣಿಯಲ್ಲಿ ಹೋಗುವುದಾದರೆ

ಹತ್ತಿರ ಇನ್ನೊಂದು ದೋಣಿಯೋ ಹರಿಗೋಲೋ ಇದ್ದರೆ ಅದಕ್ಕೆ ಹತ್ತುವವರು ಇಬ್ಬರೇ ಸಾಕು. ಒಬ್ಬರು ಹುಟ್ಟು ಹಾಕಲಿ, ಇನ್ನೊಬ್ಬರು ನೀರಿನ ಕಡೆ ನೋಡಲಿ. ಹೋಗುವವರು ಲೈಫ್ ಜಾಕೆಟ್ ಹಾಕಿ, ಎಲ್ಲ ಬಕಲ್ಲೂ ಬಿಗಿದಿರಬೇಕು. ಬಿಚ್ಚಿಕೊಂಡ ಜಾಕೆಟ್ಟು ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿಂದ ಕಳಚಿ ಹೋಗುತ್ತದೆ. ಉಳಿದ ಜಾಗ ಬರುವವರಿಗೆ.

ಗಾಳಿ ಎತ್ತಲಿಂದ ಬೀಸುತ್ತಿದೆಯೋ ಆ ಕಡೆ ಮುಖ ಮಾಡಿ ಹತ್ತಿರ ಹೋಗಿ. ಗಾಳಿ ಬೆನ್ನಿಗಿದ್ದರೆ ದೋಣಿ ನಿಲ್ಲುವುದಿಲ್ಲ, ಅವರ ತಲೆಯ ಮೇಲೇ ಹೋಗುತ್ತದೆ. ಮೋಟಾರ್ ದೋಣಿಯಾದರೆ ನಾಲ್ಕೈದು ಮಾರು ಇರುವಾಗಲೇ ಎಂಜಿನ್ ಬಂದ್ ಮಾಡಿ. ನೀರಿನಡಿ ತಿರುಗುವ ರೆಕ್ಕೆಗೆ ಕಾಲು ಯಾವುದು, ಜೊಂಡು ಯಾವುದು ಗೊತ್ತಾಗುವುದಿಲ್ಲ. ಆ ಸುತ್ತ ಬಲೆ ಬಿಟ್ಟಿದ್ದಾರಾ ಅಂತ ಕೇಳಿಕೊಳ್ಳಿ. ತೇಲುವ ಥರ್ಮಾಕೋಲ್ ತುಂಡು, ಬಾಟಲಿ ಸಾಲಾಗಿ ಕಂಡರೆ ಅದರಡಿ ಬಲೆ ಇದೆ ಅಂತಲೇ ತಿಳಿಯಿರಿ.

ಮೊದಲು ಯಾರನ್ನು? ಏನನ್ನೂ ಹಿಡಿದುಕೊಳ್ಳದವರನ್ನು. ಮಗುಚಿದ ದೋಣಿ ಹಿಡಿದವರು ಕಾಯಬಲ್ಲರು, ಅವರಿಗೆ ಕ್ಯಾನು ಎಸೆದು ಮುಂದೆ ಹೋಗಿ. ಇದು ಕಠಿಣ ಅನ್ನಿಸುತ್ತದೆ. ಅವರು ನಿಮ್ಮ ಹೆಸರು ಹಿಡಿದು ಕರೆಯುತ್ತಿರುತ್ತಾರೆ, ನಿಮ್ಮ ಮನೆಯವರೇ ಇರಬಹುದು. "ಬರ್ತೀನಿ, ಬಿಡಬೇಡ" ಅಂತ ಹೇಳಿ ಹೋಗಿ.

ಎಲ್ಲರನ್ನೂ ಒಳಗೆ ಎಳೆದುಕೊಳ್ಳಬೇಕಿಲ್ಲ. ಹರಿಗೋಲು ದುಂಡಗಿನದು. ಒಂದೇ ಕಡೆ ಇಬ್ಬರು ಜೋತುಬಿದ್ದರೆ ಅದೂ ಮಗುಚುತ್ತದೆ. ಅಂಚು ಹಿಡಿಸಿ, ಸುತ್ತಲೂ ಹಂಚಿ, ನಿಧಾನಕ್ಕೆ ದಡಕ್ಕೆ ಹುಟ್ಟು ಹಾಕುವುದೇ ವಾಸಿ. ಒಳಗೆ ತೆಗೆದುಕೊಳ್ಳಲೇಬೇಕಾದರೆ ಎದುರು ಬದಿಯಲ್ಲಿ ಒಬ್ಬರು ಕೂತು ಭಾರ ಕೊಡಬೇಕು. ಉದ್ದ ದೋಣಿಗೆ ಹಿಂಭಾಗದಿಂದ ಹತ್ತಿಸಿ, ಪಕ್ಕದಿಂದ ಬೇಡ.

ತೂಬು ತೆರೆದಿದ್ದರೆ ಅದರ ಹತ್ತಿರ ಹೋಗಲೇಬೇಡಿ. ಸೂಳೆಕೆರೆಯಲ್ಲಿ ಸಿದ್ದನಾಲೆ, ಬಸವನಾಲೆ ಅಂತ ಎರಡು ನಾಲೆ ಹೊರಡುತ್ತವೆ. ನಾಲೆಗೆ ನೀರು ಬಿಟ್ಟಾಗ ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಎಳೆತ ಇರುತ್ತದೆ. 112ಕ್ಕೆ ಹೇಳುವಾಗಲೇ ತೂಬು ಮುಚ್ಚಿಸಲು ಕೇಳಿ.

ಹರಿಯುವ ನೀರಿನ ಲೆಕ್ಕವೇ ಬೇರೆ. ಹರಿಹರದ ತುಂಗಭದ್ರೆಯಲ್ಲಾಗಲಿ, ಭದ್ರಾ ನಾಲೆಯಲ್ಲಾಗಲಿ ಬಿದ್ದವರ ಎದುರಿಗೆ ನಿಂತು ಎಸೆದರೆ ಹಗ್ಗ ಬೀಳುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಾರೆ. ನೀರು ಹೋಗುವ ಕಡೆ ಅವರಿಗಿಂತ ಮುಂದೆ ಓಡಿ, ಕಾದು ನಿಂತು ಎಸೆಯಿರಿ. ಹಗ್ಗ ಹಿಡಿದ ಮೇಲೆ ಎದುರಿಗೆ ಎಳೆಯಬೇಡಿ, ಗಟ್ಟಿಯಾಗಿ ಹಿಡಿದು ನಿಂತರೆ ನೀರೇ ಅವರನ್ನು ತಿರುಗಿಸಿ ದಡಕ್ಕೆ ತರುತ್ತದೆ. "ಅಂಗಾತ ಮಲಗು, ಕಾಲು ಮುಂದೆ ಮಾಡು" ಅಂತ ಕೂಗಿ. ನಾಲೆಯ ಸಿಮೆಂಟ್ ಗೋಡೆಗೆ ಪಾಚಿ ಕಟ್ಟಿರುತ್ತದೆ. ಇಳಿದವರು ಹತ್ತಲಾರರು, ಎಷ್ಟೇ ಈಜು ಬರಲಿ.

ನೀವೂ ನೀರಿನಲ್ಲೇ ಇದ್ದರೆ

ದೋಣಿ ಮಗುಚಿದಾಗ ನೀವೂ ಅದರಲ್ಲೇ ಇದ್ದಿರಿ ಅನ್ನಿ. ಆಗ ಅಪ್ಪ ಹೇಳಿದ್ದೇ ಸರಿ. ದೋಣಿ ಬಿಡಬೇಡಿ. ಮಗುಚಿದ ಹರಿಗೋಲೂ ತೇಲುತ್ತದೆ, ಫೈಬರ್ ದೋಣಿಯೂ ಸಾಮಾನ್ಯವಾಗಿ ತೇಲುತ್ತದೆ. ನೀರಿನ ಮಟ್ಟದಿಂದ ನೋಡಿದರೆ ದಡ ಹತ್ತಿರ ಕಾಣುತ್ತದೆ, ಹತ್ತಿರ ಇರುವುದಿಲ್ಲ. ಹುಡುಕುವವರಿಗೂ ಒಂದು ತಲೆಗಿಂತ ಒಂದು ದೋಣಿ ಬೇಗ ಕಾಣುತ್ತದೆ.

ಹಿಡಿದುಕೊಂಡ ಕೂಡಲೇ ಎಣಿಸಿ. ಜೋರಾಗಿ, ಹೆಸರು ಹೇಳಿಸಿ. ಒಬ್ಬರು ಕಡಿಮೆ ಬಂದರೆ ಮೊದಲು ದೋಣಿಯಡಿ ನೋಡಿ. ಮಗುಚಿದ ದೋಣಿಯೊಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ, ಅಲ್ಲಿ ಯಾರಾದರೂ ಸಿಕ್ಕಿಕೊಂಡಿರಬಹುದು. ಬಡಿದು ಕೂಗಿ. ನೆರಳಿಗೆ ಚಾವಣಿ ಕಟ್ಟಿದ ದೋಣಿಯಲ್ಲಿ ಇದು ಇನ್ನೂ ಜಾಸ್ತಿ.

ಎಲ್ಲರೂ ಒಂದೇ ಬದಿ ಹಿಡಿಯಬೇಡಿ, ಮೇಲೆ ಹತ್ತಲು ನೂಕಾಡಬೇಡಿ. ಮಕ್ಕಳನ್ನು ಮಾತ್ರ ಮೇಲೆ ಕೂರಿಸಿ. ಸೀರೆಯ ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನೆರಿಗೆ ಎಳೆದು ಬಿಟ್ಟುಬಿಡಿ. ಭಾರದ ಬೂಟು ಕಳಚಿ. ಮಿಕ್ಕ ಬಟ್ಟೆ ಇರಲಿ, ಅದು ಬೆಚ್ಚಗಿಡುತ್ತದೆ. ನಮ್ಮ ಕಡೆಯ ನೀರು ಹಿಮದ ನೀರಲ್ಲ, ನಿಜ. ಆದರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಪುಷ್ಯ, ಮಾಘದ ಸಂಜೆ ಒಂದು ಗಂಟೆ ನೀರಿನಲ್ಲಿದ್ದರೆ ಬೆರಳು ಮಾತು ಕೇಳುವುದಿಲ್ಲ. ಒತ್ತಾಗಿ ಸೇರಿಕೊಳ್ಳಿ, ಮಕ್ಕಳು, ವಯಸ್ಸಾದವರು ನಡುವೆ. ಮಾತಾಡಿಸುತ್ತಾ ಇರಿ.

ದೂರ ಹೋದ ಒಬ್ಬರಿಗೆ ನೆರವು ಬೇಕಾದರೆ ನಿಮ್ಮ ಮತ್ತು ಅವರ ನಡುವೆ ಏನಾದರೂ ಇರಲೇಬೇಕು. ಹುಟ್ಟು, ಕ್ಯಾನು, ಬ್ಯಾಗು, ಸೀಟಿನ ಹಲಗೆ. ಅದನ್ನು ಅವರ ಕಡೆ ನೂಕಿ, ನೀವು ಹಿಂದೆ ಸರಿಯಿರಿ. "ಎದೆಗೆ ಅವಚಿಕೋ, ಕಾಲು ಬಡಿ" ಅನ್ನಿ. ಅವರು ನಿಮ್ಮನ್ನೇ ಹಿಡಿದುಬಿಟ್ಟರೆ ಮೇಲೆ ಉಳಿಯಲು ಜಗ್ಗಾಡಬೇಡಿ. ಉಸಿರು ತೆಗೆದುಕೊಂಡು, ಗಲ್ಲ ಎದೆಗೆ ಒತ್ತಿ, ಬೇಕಂತಲೇ ಕೆಳಗೆ ಹೋಗಿ. ಮುಳುಗುವುದನ್ನು ಮುಳುಗುವವರು ಹಿಡಿದುಕೊಳ್ಳುವುದಿಲ್ಲ, ಬಿಟ್ಟುಬಿಡುತ್ತಾರೆ. ಅವರ ತೋಳನ್ನು ಮೇಲಕ್ಕೆ ನೂಕಿ, ದೂರದಲ್ಲಿ ಮೇಲೆ ಬನ್ನಿ. ಈ ಒಂದು ಮಾತು ಅಣ್ಣನಿಗೆ ಗೊತ್ತಿದ್ದರೆ ಅಂತ ಎಷ್ಟು ರಾತ್ರಿ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ದಡಕ್ಕೆ ತಂದ ಮೇಲೆ

ಇಲ್ಲಿ ನಾನು ನರ್ಸ್ ಆಗಿ ಮಾತಾಡುತ್ತೇನೆ. ಮೊದಲು, ಮಾಡಬಾರದ್ದು. ಕಾಲು ಹಿಡಿದು ತಲೆಕೆಳಗಾಗಿ ತೂಗಬೇಡಿ. ಹೆಗಲ ಮೇಲೆ ಹೊತ್ತು ಗಿರಗಿರನೆ ತಿರುಗಿಸಬೇಡಿ. ಹೊಟ್ಟೆ ಒತ್ತಿ ನೀರು ಕಕ್ಕಿಸಬೇಡಿ. ಹಳ್ಳಿಯಲ್ಲಿ ಇದನ್ನು ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ, ನಮ್ಮ ಮನೆಯಲ್ಲೂ ಮಾಡುತ್ತಿದ್ದರು. ಹೊಟ್ಟೆಯಿಂದ ಬರುವ ನೀರಿಗೂ ಉಸಿರಿಗೂ ಸಂಬಂಧವಿಲ್ಲ. ಒತ್ತಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊತ್ತು ಹೋಗುತ್ತದೆ. ಕಳೆದುಕೊಳ್ಳಲು ನಿಮಿಷಗಳಿಲ್ಲ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹೆಗಲು ಅಲುಗಿಸಿ ಕರೆಯಿರಿ. ಹಣೆ ಮೇಲೆ ಒಂದು ಕೈ, ಗಲ್ಲದಡಿ ಎರಡು ಬೆರಳು ಇಟ್ಟು ತಲೆ ಹಿಂದಕ್ಕೆ ವಾಲಿಸಿ. ಹತ್ತು ಸೆಕೆಂಡು ಎದೆ ನೋಡಿ. ಏಳುತ್ತಿಲ್ಲವೇ, ಅಥವಾ ಎಲ್ಲೋ ಒಂದೊಂದು ಏದುಸಿರು ಮಾತ್ರವೇ? ಹಾಗಿದ್ದರೆ ಶುರು ಮಾಡಿ.

ನೀರಿನಿಂದ ಬಂದವರಿಗೆ ಮೊದಲು ಬೇಕಾದ್ದು ಗಾಳಿ. ಹೃದಯ ನಿಂತದ್ದು ಗಾಳಿ ಸಿಗದೆ. ಮೂಗು ಹಿಡಿದು, ಬಾಯಿಗೆ ಬಾಯಿ ಒತ್ತಿ, ಐದು ಸಲ ಊದಿ. ಒಂದೊಂದಕ್ಕೆ ಒಂದು ಸೆಕೆಂಡು. ಎದೆ ಮೇಲೇಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಬಗ್ಗಿಸದೆ ಮೂವತ್ತು ಸಲ ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಮತ್ತೆ ಎರಡು ಊದು, ಮೂವತ್ತು ಒತ್ತು. ಗಟ್ಟಿಯಾಗಿ ಎಣಿಸಿ, ಸುತ್ತ ನಿಂತವರೂ ಎಣಿಸಲಿ. ಮಕ್ಕಳಿಗೆ ಒಂದೇ ಕೈ, ಎದೆಯ ಮೂರನೇ ಒಂದು ಭಾಗದಷ್ಟು ಆಳ. ಹಸುಗೂಸಿಗೆ ಎರಡೂ ಕೈಯಿಂದ ಎದೆ ಸುತ್ತಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಿ, ಊದುವಾಗ ಬಾಯಿ ಮೂಗು ಎರಡನ್ನೂ ಸೇರಿಸಿ ಮೆಲ್ಲಗೆ.

ಬಾಯಿಂದ ನೊರೆ ಬರುತ್ತದೆ. ಒರೆಸುತ್ತಾ ಕೂರಬೇಡಿ, ಅದು ಬರುತ್ತಲೇ ಇರುತ್ತದೆ. ಅದರ ಮೇಲೇ ಊದಿ. ವಾಂತಿಯಾದರೆ ಇಡೀ ಮೈ ಪಕ್ಕಕ್ಕೆ ಹೊರಳಿಸಿ, ಬಾಯಿ ಚೊಕ್ಕ ಮಾಡಿ, ಮತ್ತೆ ಅಂಗಾತ. ಬಾಯಿಗೆ ಬಾಯಿ ಇಡಲು ಮನಸ್ಸೇ ಬಾರದಿದ್ದರೆ ಎದೆ ಒತ್ತುವುದನ್ನಾದರೂ ಬಿಡಬೇಡಿ. ಒತ್ತುವವರಿಗೆ ಬೇಗ ಸುಸ್ತಾಗುತ್ತದೆ, ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. ಪಕ್ಕೆಲುಬು ಲಟಕ್ ಅನ್ನಬಹುದು. ಹೆದರಬೇಡಿ, ಮುಂದುವರಿಸಿ. ಉಸಿರು ಬರುವ ತನಕ, ಇಲ್ಲ ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವ ತನಕ.

ಉಸಿರಿದ್ದು ಎಚ್ಚರ ಇಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ, ಮುಖ ಸ್ವಲ್ಪ ಕೆಳಮುಖವಾಗಿರಲಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಬ್ರಾಂದಿ ಕುಡಿಸಬೇಡಿ, ಚಳಿಗೆ ಒಳ್ಳೆಯದು ಅನ್ನುವುದು ಸುಳ್ಳು.

ಎದ್ದು ಕೂತು "ನಾನು ಚೆನ್ನಾಗಿದ್ದೀನಿ" ಅನ್ನುವವರ ಬಗ್ಗೆ ನನಗೆ ಜಾಸ್ತಿ ಆತಂಕ. ಒಬ್ಬ ಹುಡುಗ ಮಧ್ಯಾಹ್ನ ನೀರು ಕುಡಿದು, ಕೆಮ್ಮಿ, ನಕ್ಕು, ಮನೆಗೆ ಹೋಗಿದ್ದ. ರಾತ್ರಿ ಒಂಬತ್ತಕ್ಕೆ ಉಸಿರು ಎಳೆಯುತ್ತಾ ನಮ್ಮಲ್ಲಿಗೆ ಬಂದ. ಆಕ್ಸಿಜನ್ ಹಾಕಿ ಉಳಿಸಿಕೊಂಡೆವು. ನೀರು ಒಳಗೆ ಎಳೆದುಕೊಂಡವರ ಶ್ವಾಸಕೋಶ ಮುಂದಿನ ಕೆಲವು ಗಂಟೆಗಳಲ್ಲಿ ಕೆಡಬಹುದು. ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ನೊರೆ ಬಂದಿದ್ದರೆ, ಮಂಕು ಕವಿದರೆ, ಒಂದು ಕ್ಷಣವಾದರೂ ಎಚ್ಚರ ತಪ್ಪಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆರೆಂಟು ಗಂಟೆ ನೋಡಿಕೊಂಡು ಕಳಿಸುತ್ತಾರೆ. ನೀರಿಗಿಳಿದು ಕಾಪಾಡಿದವರಿಗೂ ಇದೇ ಮಾತು. ಅವರನ್ನು ಯಾರೂ ಕೇಳುವುದಿಲ್ಲ.

ದಡಕ್ಕೆ ಬಂದವರ ಹೆಸರು ಒಂದೊಂದಾಗಿ ಬರೆದುಕೊಳ್ಳಿ. ಕಾಗದ ಇಲ್ಲದಿದ್ದರೆ ಕೈ ಮೇಲೆ. ಗಾಬರಿಯಲ್ಲಿ ಯಾರಾದರೂ ಬೈಕ್ ಹತ್ತಿ ಮನೆಗೆ ಹೋಗಿಬಿಡುತ್ತಾರೆ, ಇಲ್ಲಿ ಮುಳುಗುಗಾರರು ಕತ್ತಲಾಗುವ ತನಕ ಅವರನ್ನೇ ಹುಡುಕುತ್ತಿರುತ್ತಾರೆ. ಇದಕ್ಕೆ ತಿರುವು ಮುರುವಾಗಿಯೂ ಆಗುತ್ತದೆ. ಎಲ್ಲರೂ ಬಂದರು ಅಂದುಕೊಂಡು ಹೊರಟ ಮೇಲೆ ಒಂದು ಜೊತೆ ಚಪ್ಪಲಿ ದಡದಲ್ಲಿ ಉಳಿದಿರುತ್ತದೆ.

ಒಳಗೆ ಹೋದವರು ಸಿಗದಿದ್ದರೆ ಊರಿನ ಹುಡುಗರನ್ನು ಒಬ್ಬರ ಹಿಂದೆ ಒಬ್ಬರು ಧುಮುಕಲು ಬಿಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತು. ಹಾಗೆ ಕೆರೆ, ಅಣೆಕಟ್ಟು ತುಂಬಿದಾಗ ಎಷ್ಟೋ ವರ್ಷ ಒಣಗಿದ್ದ ನೆಲ ನೀರಿನಡಿ ಹೋಗುತ್ತದೆ. ಅಲ್ಲಿ ಬೆಳೆದಿದ್ದ ಜಾಲಿ, ಹಾಕಿದ್ದ ಬೇಲಿ ಎಲ್ಲ ಹಾಗೇ ಅಡಿಯಲ್ಲಿ ನಿಂತಿರುತ್ತವೆ. ಮೇಲಿನಿಂದ ಏನೂ ಕಾಣುವುದಿಲ್ಲ. ಗುರುತಿನ ಎರಡು ಗೆರೆ ಹಿಡಿದು ಕಾಯಿರಿ, ಬರುವವರಿಗೆ ಕೊಡಿ.

ಇನ್ನೊಂದು ವಿಷಯ. ಬದುಕಿ ಬಂದವರ ಮುಂದೆ "ನಿನ್ನಿಂದಲೇ ಹೋದ" ಅನ್ನುವ ಮಾತು ಯಾರ ಬಾಯಿಂದಲೂ ಬರದ ಹಾಗೆ ನೋಡಿಕೊಳ್ಳಿ. ನನ್ನ ತಂಗಿಗೆ ಆಗ ಹನ್ನೊಂದು ವರ್ಷ. ತಿಥಿಯ ದಿನ ಒಬ್ಬರು ಆ ಮಾತು ಅಂದರು. ಅವಳು ಎಷ್ಟೋ ವರ್ಷ ಕೆರೆ ಕಡೆ ಮುಖ ಮಾಡಲಿಲ್ಲ, ದೊಡ್ಡಮ್ಮನ ಮುಖ ನೋಡಲಿಲ್ಲ. ಕಡೆಗೆ ದೊಡ್ಡಮ್ಮನೇ ಅವಳನ್ನು ಕರೆಸಿ, ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ ಕಳಿಸಿದರು.

ಈಗ ನಮ್ಮ ಗುಡಿಸಲಿನ ಜಾಗದಲ್ಲಿ ತಂಗಿಯ ಮನೆ ಇದೆ. ಕೆರೆ ಕಡೆಯ ಗೋಡೆಗೆ ಎರಡು ಕ್ಯಾನು, 20 ಮೀಟರ್ ಹಗ್ಗ, ಕತ್ತಿ ತೆಗೆದ ಒಂದು ದೋಟಿ. ಯಾರು ಬೇಕಾದರೂ ಕೇಳದೆ ತೆಗೆದುಕೊಳ್ಳಬಹುದು. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ಅದಕ್ಕೆ ಪ್ರತಿ ಯುಗಾದಿಗೆ ಹೊಸದು ಕಟ್ಟುತ್ತೇವೆ. ಹಗ್ಗ ನಾನು ದಾವಣಗೆರೆಯಿಂದ ತರುತ್ತೇನೆ. ಗಂಟು ಹಾಕುವುದು ಅವಳೇ. ಕಾಲಲ್ಲಿ ಕ್ಯಾನು ಮೆಟ್ಟಿ, ಎರಡೂ ಕೈಯಿಂದ ಜಗ್ಗಿ ನೋಡಿ, ಮತ್ತೆ ಮೊಳೆಗೆ ನೇತು ಹಾಕುತ್ತಾಳೆ.